ಕೊನೆಯ ಹಳ್ಳಿಯ ಅಕ್ಕ

ನಿಜಾಮರ ಕಾಲದಲ್ಲಿ ನಾನು ಬಳೆ ಮಾರುತ್ತಿದ್ದೆ. ಬೆಳಿಗ್ಗೆ ಕಮಲಾಪುರ ಬಿಟ್ಟರೆ ಸುಣ್ಣಕಲ್ಲಿನ ಗುಡ್ಡ, ಕಾಡು, ಹಳ್ಳಿಗಳನ್ನು ಸುತ್ತಿ ಸಂಜೆಗೆ ಮತ್ತೆ ಕಮಲಾಪುರ. ಒಂದು ದಿನ ಗುಡ್ಡದಲ್ಲಿ ಒಬ್ಬಾತ ಜೊತೆಯಾದ. ಕಲಬುರಗಿಯ ಶಹಾಬಜಾರದಲ್ಲಿ ಅವನ ಅಣ್ಣ ಬಸಣ್ಣ ಪ್ಲೇಗಿಗೆ ತೀರಿಕೊಂಡಿದ್ದ. ನನ್ನ ಸುತ್ತಿನ ಕೊನೆಯ ಹಳ್ಳಿಯಲ್ಲಿದ್ದ ಅಕ್ಕನಿಗೆ ಸುದ್ದಿ ಮುಟ್ಟಿಸಬೇಕಿತ್ತು.

ಅಕ್ಕ ನಮ್ಮಿಬ್ಬರನ್ನು ನೋಡಿ ಹಿಗ್ಗಿದಳು. "ತಮ್ಮ ನನಗ ಬಳಿ ಇಡಸಾಕ ಬಂದಾನ!" ಎಂದು ಎರಡೂ ಕೈ ನನ್ನ ಮುಂದೆ ಚಾಚಿದಳು. "ಬಸಣ್ಣ ಆರಾಮ ಇದ್ದಾನಿಲ್ಲೋ?"

ತಮ್ಮ "ನೀವರ ಹೇಳ್ರಿ" ಎಂದು ನನಗೆ ಪಿಸುಗುಟ್ಟಿ ಗೋಡೆಯ ಕಡೆ ಮುಖ ತಿರುಗಿಸಿದ.

"ಬಸಣ್ಣ ತೀರಿಕೊಂಡಾನ್ರಿ, ಯವ್ವಾ" ಅಂದೆ.

ಚಾಚಿದ ಕೈಗಳನ್ನು ಆಕೆ ಎಷ್ಟೋ ಹೊತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ನಾನು ಹೋದಾಗೆಲ್ಲ, ಸಾವಿನ ಸುದ್ದಿ ತಂದ ಕೈಯಿಂದ ಬಳೆ ಇಡಿಸಿಕೊಳ್ಳಬಾರದೆಂದು ಆ ಊರ ಹೆಂಗಸರು ಬಾಗಿಲು ಹಾಕಿಕೊಳ್ಳತೊಡಗಿದರು. ಮುಂದೆ ನಾನೂ ಆ ಊರಿಗೆ ಹೋಗುವುದನ್ನು ಬಿಟ್ಟೆ. ಸಂಜೆ ಸ್ವಲ್ಪ ಬೇಗ ಮನೆ ಸೇರುತ್ತಿದ್ದೆ, ಅಷ್ಟೇ.