ಉಜ್ಜಿಹೋದ ನಂಬರು

ಅವನನ್ನು ಎಲ್ಲರೂ ಸೈಲೆನ್ಸರ್ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಗೇಟು, ಕಿಟಕಿ ಮಾಡುವ ವೆಲ್ಡರ್. ಅಂಗಡಿಯ ಶಟರ್ ಎತ್ತಿದ ಗಳಿಗೆಯಿಂದ ಅವನು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಬಿಸಿಲು ಹೆಚ್ಚಾದರೆ ಬಿಸಿಲಿಗೆ ಬೈಗುಳ, ಕರೆಂಟು ಹೋದರೆ ಕರೆಂಟಿನವರ ಜನ್ಮ ಜಾಲಾಟ. ಬೈಗುಳ ತಿನ್ನದೆ ಉಳಿದದ್ದು ಅವನ ಹಳೆಯ ಜೀಪು ಒಂದೇ. ಅಕ್ಕನಿಗೂ ಬೈಯುತ್ತಿದ್ದ, ಆದರೆ ಅವಳು ಅಲ್ಲಿಂದಲ್ಲಿಗೇ ತಿರುಗಿಸಿ ಕೊಡುತ್ತಿದ್ದಳು, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಅಕ್ಕ ಇದ್ದದ್ದು ಊರಾಚೆಯ ಗುಡ್ಡದ ನೆತ್ತಿಯಲ್ಲಿ. ಊರಿಗೆಲ್ಲ ನೀರು ಕೊಡುವ ದೊಡ್ಡ ಟ್ಯಾಂಕು ಅಲ್ಲಿತ್ತು. ಹೊತ್ತು ಹೊತ್ತಿಗೆ ಅದರ ವಾಲ್ವ್ ತಿರುಗಿಸುವುದು ಅವಳ ನೌಕರಿ, ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸ್ ಅವಳ ಮನೆ. ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಿತು. ಅಲ್ಲಿಂದ ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಎರಡು ಸಲ ತಪ್ಪಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಗುಡ್ಡದ ದಾರಿಯೋ ಬರೀ ಕಲ್ಲು, ಕೊರಕಲು. ಆಟೋ ಹತ್ತುವುದಿಲ್ಲ, ಕಾರು ಹತ್ತುವುದಿಲ್ಲ. ಆಂಬುಲೆನ್ಸು ಒಮ್ಮೆ ಅರ್ಧ ದಾರಿ ಬಂದು, ಹೊಟ್ಟೆ ಕೆರೆದುಕೊಂಡು ವಾಪಸು ಹೋಗಿತ್ತು. ಹತ್ತುತ್ತಿದ್ದದ್ದು ಆ ಜೀಪು ಮಾತ್ರ.

"ಆ ಸುಡುಗಾಡು ಗುಡ್ಡ ಬಿಟ್ಟು ನಮ್ಮನೆಗೆ ಬಂದುಬಿಡು" ಎಂದು ಅವನು ನೂರು ಸಲ ಹೇಳಿದ್ದ.

"ಬಂದ್ರೆ ನೌಕರಿ ಹೋಗುತ್ತೆ. ಆಮೇಲೆ ದಿನವಿಡೀ ನಿನ್ನ ಬಾಯಿ ಕೇಳೋದಕ್ಕಿಂತ ಸೂಜಿ ಚುಚ್ಚಿಸಿಕೊಳ್ಳೋದೇ ವಾಸಿ ಕಣೋ" ಎನ್ನುತ್ತಿದ್ದಳು ಅಕ್ಕ.

ಈಗ ಜೀಪಿನ ರಿಜಿಸ್ಟ್ರೇಷನ್ ಮುಗಿಯುವುದಕ್ಕೆ ಬಂದಿತ್ತು. ನವೀಕರಣ ಆಗದಿದ್ದರೆ, ಗುಡ್ಡದ ಬುಡದಲ್ಲಿ ಡಾಂಬರು ಶುರುವಾಗುವಲ್ಲೇ ಠಿಕಾಣಿ ಹೂಡಿದ್ದ ಪೊಲೀಸರು ಗಾಡಿಯನ್ನು ಎಳೆದೊಯ್ಯುತ್ತಿದ್ದರು. ಸೈಲೆನ್ಸರ್ ಹದಿನೈದು ದಿನ ಮೊದಲೇ ಕಾಗದಪತ್ರದ ಚೀಲ ಬಗಲಿಗಿಟ್ಟುಕೊಂಡು ಆರ್‌ಟಿಒ ಆಫೀಸಿಗೆ ಹೊರಟ. ಕಾನೂನು ಪಾಲಿಸುವವನಿಗೆ ಎಂಥ ಸನ್ಮಾನ ಕಾದಿರುತ್ತದೆ ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ತೆರಿಗೆ ಕಿಟಕಿಯಲ್ಲಿ ಹಳೆಯ ಗಾಡಿ ಎಂದು ಮೇಲೊಂದು ತೆರಿಗೆ ಜಡಿದರು. ಬೈಯುತ್ತಲೇ ಕಟ್ಟಿದ. ರಿಜಿಸ್ಟ್ರೇಷನ್ ಕಿಟಕಿಯ ಗುಮಾಸ್ತ ಕಾಗದ ಮುಟ್ಟದೆಯೇ, "ಇನ್ಶೂರೆನ್ಸ್ ಮುಗಿದಿದೆ, ಮಾಡಿಸ್ಕೊಂಡು ಬನ್ನಿ" ಎಂದ. ಇನ್ಶೂರೆನ್ಸಿನವರು, "ಇಷ್ಟು ಹಳೇ ಗಾಡಿ ನಂಬೋದು ಹೆಂಗೆ? ತಪಾಸಣೆ ಚೀಟಿ ತನ್ನಿ" ಎಂದರು. ಗುಮಾಸ್ತನ ಬಳಿ ಬಂದರೆ, "ಇನ್ಶೂರೆನ್ಸ್ ಇಲ್ದೆ ತಪಾಸಣೆ ಇಲ್ಲ" ಎಂದ. ಅಕ್ಕನ ಆಸ್ಪತ್ರೆ ಇಲ್ಲದ ನಾಲ್ಕು ದಿನ ಇದೇ ಆಯಿತು. ಅಲ್ಲ, ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದಕ್ಕೂ ಸಂಬಳ ಕೊಡುತ್ತಾರಲ್ಲ, ಏನು ಹೇಳೋಣ ಇದಕ್ಕೆ!

ಐದನೆಯ ದಿನ ಅವನು ಇನ್ಶೂರೆನ್ಸ್ ಆಫೀಸಿನ ಬಾಗಿಲಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. "ನೀವೂ ಅವ್ರೂ ಮಾತಾಡ್ಕೊಂಡು ಯಾರು ಮೊದಲು ಅಂತ ತೀರ್ಮಾನ ಮಾಡಿ. ಅಲ್ಲೀತನಕ ನಾನು ಏಳಲ್ಲ, ಸುಮ್ನೆ ಕೂರೋದೂ ಇಲ್ಲ!" ಸುಮ್ಮನೆ ಕೂರಲಿಲ್ಲ ಎಂಬುದಕ್ಕೆ ಎದುರಿನ ಔಷಧಿ ಅಂಗಡಿಯವನೇ ಸಾಕ್ಷಿ. ಮಧ್ಯಾಹ್ನದ ಹೊತ್ತಿಗೆ, ಇವನನ್ನು ಸಾಗಹಾಕಿದರೆ ಸಾಕೆಂದು ಮ್ಯಾನೇಜರೇ ಪಾಲಿಸಿಗೆ ಸಹಿ ಹಾಕಿದ.

ಅದನ್ನು ನೋಡಿ ಗುಮಾಸ್ತ ಶನಿವಾರದ ತಪಾಸಣೆಗೆ ಚೀಟಿ ಬರೆದ. ಭಾನುವಾರಕ್ಕೆ ರಿಜಿಸ್ಟ್ರೇಷನ್ ಮುಗಿಯುತ್ತಿತ್ತು, ಅಂದರೆ ಕೂದಲೆಳೆಯ ಅಂತರ. ಚೀಟಿ ಕೊಡುತ್ತ ಗುಮಾಸ್ತ, "ತುಕ್ಕುಗಿಕ್ಕು ಇದ್ರೆ ನಮ್ಮ ಇನ್ಸ್‌ಪೆಕ್ಟರಮ್ಮ ಪಾಸ್ ಮಾಡಲ್ಲ, ನೋಡ್ಕೊಳ್ಳಿ" ಎಂದ.

ತುಕ್ಕು! ಮೂವತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನಿಗೆ, ಎದುರು ನಿಂತು, ತುಕ್ಕು! ಸೈಲೆನ್ಸರ್‌ನ ಮೈಯೆಲ್ಲ ಉರಿದುಹೋಯಿತು. ಗುರುವಾರ ಅಂಗಡಿಗೆ ರಜೆ ಕೊಟ್ಟು ಜೀಪಿನಡಿ ಮಲಗಿದ. ಶುಕ್ರವಾರ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದು, ವಾಪಸು ಬಿಟ್ಟುಬಂದು ಮತ್ತೆ ಮಲಗಿದ. ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಉದ್ದನೆಯ ಕಂಬಿಗಳಲ್ಲಿ ತುಕ್ಕು ಅಲ್ಲಲ್ಲಿ ಹೊಂಡ ತೋಡಿತ್ತು. ಹೊಂಡಗಳಿಗೆಲ್ಲ ವೆಲ್ಡಿಂಗ್ ತುಂಬಿ, ಗ್ರೈಂಡರ್ ಹಿಡಿದು ಮಟ್ಟಸ ಉಜ್ಜಿದ. ಬೆರಳಿಗೆ ಒರಟು ತಾಗಿದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ, ಗೇಟು ಮಾಡಿ ಮಾಡಿ ಬಂದ ಚಟ ಅದು. ಬಲಗಡೆಯ ಕಂಬಿಯ ಮುಂತುದಿ ತೀರಾ ಒರಟಾಗಿತ್ತು. ಗುಮಾಸ್ತನ ಮುಖವನ್ನೇ ನೆನೆದುಕೊಂಡು ಅದನ್ನು ಎರಡು ಪಟ್ಟು ಹೆಚ್ಚು ಉಜ್ಜಿದ. ಮೇಲೆ ಕಪ್ಪು ಬಣ್ಣ. ಕೆಲಸ ಮುಗಿದಾಗ ಜೀಪಿನ ಅಡಿ ತಟ್ಟೆಯಂತೆ ಹೊಳೆಯುತ್ತಿತ್ತು.

ಶನಿವಾರ ಆಫೀಸಿನ ಹಿಂದಿನ ಬಯಲಿಗೆ ಇನ್ಸ್‌ಪೆಕ್ಟರಮ್ಮ ಬಂದಳು. ಸಣ್ಣ ವಯಸ್ಸು, ದೊಡ್ಡ ಟಾರ್ಚು. ದೀಪ ನೋಡಿದಳು, ಬ್ರೇಕು ನೋಡಿದಳು, ಇಂಜಿನ್ ನಂಬರು ನೋಡಿದಳು. ಎಲ್ಲ ಸರಿ. ಕೊನೆಗೆ ಒಂದು ತೆಳು ಹಾಳೆ, ಪೆನ್ಸಿಲ್ ಹಿಡಿದು ಬಲಗಡೆಯ ಮುಂದಿನ ಚಕ್ರದ ಹಿಂದೆ ಬಗ್ಗಿದಳು. ಚಾಸಿಗೆ ಕೊರೆದಿರುವ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಹಾಳೆಯಲ್ಲಿ ಮೂಡುತ್ತವೆ. ಅದು ಫೈಲಿನ ಅಂಕಿಗಳಿಗೆ ಹೊಂದಿದರೆ ಗಾಡಿ ಪಾಸು.

ಅವಳು ಉಜ್ಜಿದಳು. ಹಾಳೆ ಉದ್ದಕ್ಕೂ ಒಂದೇ ಸಮ ಬೂದಿ ಬಣ್ಣವಾಯಿತು.

"ನಂಬರ್ ಎಲ್ಲಿ ಅಂಕಲ್?"

ಸೈಲೆನ್ಸರ್ ಬಗ್ಗಿ ಆ ಜಾಗದ ಮೇಲೆ ಬೆರಳಾಡಿಸಿದ. ಬರೀ ನುಣುಪು. ಆ ಒರಟು, ಅವನ ಬೆರಳಿಗೆ ತಾಗಿದ ಆ ದರಿದ್ರ ಒರಟು, ತುಕ್ಕಲ್ಲ.

"ಕದ್ದ ಗಾಡಿಗಳಲ್ಲೇ ಹಿಂಗೆ ಉಜ್ಜಿರ್ತಾರೆ" ಎಂದಳು ಅವಳು.

ಅಷ್ಟು ಸಾಕಾಯಿತು. "ಯಾರಮ್ಮ ಕದ್ದವನು? ನಾನಾ? ಇವತ್ತು ಬೆಳಿಗ್ಗೆ ನೀನು ಮುಖ ತೊಳೆದ್ಯಲ್ಲ, ಆ ನೀರು ಬಿಟ್ಟವಳು ನಮ್ಮಕ್ಕ! ಈ ಗಾಡಿ ನಿಂತ್ರೆ ಅವಳೂ ನಿಂತುಹೋಗ್ತಾಳೆ, ಗೊತ್ತಾ ನಿನಗೆ? ತುಕ್ಕು ಅಂದವನು ಆ ಗುಮಾಸ್ತ, ಕರೀರಿ ಅವನನ್ನ! ಐದು ದಿನ ಅಲೆದಿದೀನಿ, ಚಪ್ಪಲಿ ಸವೆದುಹೋಗಿದೆ!" ಬಯಲಿನಲ್ಲಿದ್ದ ಗಾಡಿಯವರೆಲ್ಲ ತಿರುಗಿ ನೋಡಿದರು. ಅವನಿಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂದಿತ್ತು. ಹುಡುಗಿಯ ಮೇಲಲ್ಲ, ಗುಮಾಸ್ತನ ಮೇಲೂ ಅಲ್ಲ. ತನ್ನ ಎರಡು ಕೈಗಳ ಮೇಲೆ.

ಅವಳು ಅವನು ಸುಸ್ತಾಗುವವರೆಗೂ ಕಾದಳು. ಆಮೇಲೆ ಒಳಗಿನಿಂದ ಹಳೆಯ ಫೈಲು ತಂದಳು. ಹಿಂದಿನ ತಪಾಸಣೆಯ ಪೆನ್ಸಿಲ್ ಗುರುತು ಅದರಲ್ಲಿತ್ತು. "ನಂಬರ್ ಮತ್ತೆ ಕೊರೆಸಬಹುದು. ಪೊಲೀಸ್ ವರದಿ ಬರ್ಬೇಕು, ಎರಡು ತಿಂಗಳಾಗುತ್ತೆ, ಅಲ್ಲೀತನಕ ನವೀಕರಣ ಇಲ್ಲ. ಆದ್ರೆ ಮೊದಲು, ನಾನೇ ಉಜ್ಜಿದೆ, ತಪ್ಪು ನನ್ನದೇ ಅಂತ ಕೈಯಾರೆ ಬರ್ಕೊಡಿ."

ತಪ್ಪು ನನ್ನದು ಎಂಬ ಮಾತು ಅವನ ಬಾಯಿಂದ ಹುಟ್ಟಿದಾರಭ್ಯ ಬಂದಿರಲಿಲ್ಲ. ಮೊದಲ ಹಾಳೆಯಲ್ಲಿ 'ಗುಮಾಸ್ತರು ತುಕ್ಕು ಎಂದ ಕಾರಣ' ಎಂದು ಶುರು ಮಾಡಿದ. ಅವಳು ಓದಿ ಹರಿದಳು. ಎರಡನೆಯದನ್ನು ತಾನೇ ಹರಿದ. ಮೂರನೆಯದರಲ್ಲಿ ಬರೆದ.

ಅಲ್ಲಿಂದ ನೇರ ಗುಡ್ಡ ಹತ್ತಿದ. ಅಕ್ಕ ವಾಲ್ವಿನ ಚಕ್ರ ಹಿಡಿದು ನಿಂತಿದ್ದಳು. ಎಲ್ಲ ಹೇಳಿದ. ಅವಳು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಚಿಕ್ಕವನಿದ್ದಾಗಲೂ ಹಿಂಗೇ. ಸ್ಲೇಟು ಹೊಳೀಬೇಕು ಅಂತ ಉಜ್ಜೀ ಉಜ್ಜೀ, ಮಾಡಿದ ಲೆಕ್ಕಾನೂ ಅಳಿಸಿ ಶಾಲೆಗೆ ಹೋಗಿ ಏಟು ತಿಂದು ಬರ್ತಿದ್ದೆ."

"ನಗಬೇಡ ಅಕ್ಕ! ಸೋಮವಾರ ಏನ್ಮಾಡೋದು? ಹೊತ್ಕೊಂಡು ಇಳೀಲಾ? ಪೊಲೀಸ್ನೋರು ಹಿಡೀತಾರೆ. ಗಾಡಿ ಹೋದ್ರೆ ನೀನೂ..."

"ಹಿಡಿಯೋದು ಎಲ್ಲಿ? ಡಾಂಬರಿನ ಮೇಲೆ ತಾನೇ? ಮೇಲಿನ ಗೇಟಿನಿಂದ ಕೆಳಗಿನ ಗೇಟಿನತನಕ ನೀರಿನ ಇಲಾಖೆ ಜಾಗ. ಗೇಟಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಜೀಪು ಇಲ್ಲೇ ಬಿಟ್ಟು ನಡೆದು ಇಳಿ. ಸೋಮವಾರ ನಡೆದು ಹತ್ತಿ ಬಾ, ಗೇಟಿನತನಕ ಇಳಿಸು, ಅಲ್ಲಿಂದ ಆಟೋ. ಇಷ್ಟಕ್ಕೆ ಊರೆಲ್ಲ ಒಂದು ಮಾಡಿದ್ಯಾ?"

ಸೋಮವಾರ ಬೆಳಿಗ್ಗೆ ಜೀಪು ಗುಡ್ಡ ಇಳಿದು, ಡಾಂಬರಿಗೆ ಒಂದು ಗೇಣು ಹಿಂದೆ ನಿಂತಿತು. ಪೊಲೀಸನೊಬ್ಬ ಎದ್ದು ಬಂದು ಚಕ್ರ ನೋಡಿದ, ಡಾಂಬರು ನೋಡಿದ, ಸೈಲೆನ್ಸರ್‌ನ ಮುಖ ನೋಡಿದ, ಮತ್ತೆ ಹೋಗಿ ಕುಳಿತ. ಆಟೋ ಹತ್ತು ನಿಮಿಷ ತಡ. ಸೈಲೆನ್ಸರ್ ಆಟೋದವನಿಗೆ ಫೋನಿನಲ್ಲೇ ಮಂಗಳಾರತಿ ಮಾಡಿದ.

ಅಕ್ಕ ಸೀಟಿನಲ್ಲಿ ಕುಳಿತೇ ಕೇಳಿದಳು: "ಅಲ್ಲ, ಆ ಅರ್ಜೀಲಿ ನಿಜವಾಗ್ಲೂ ತಪ್ಪು ನನ್ನದೇ ಅಂತ ಬರೆದ್ಯಾ?"

"ಬರೆದೆ. ಏನೀಗ?"

"ನನಗೂ ಒಂದು ಬರ್ಕೊಡು. ಗೋಡೆಗೆ ಹಾಕ್ತೀನಿ."

ಅವನು ರೇಗಲು ಬಾಯಿ ತೆರೆದ. ಶನಿವಾರ, ಭಾನುವಾರದ ಬಿಡುವಿಗೇ ಊದಿದ್ದ ಅವಳ ಪಾದ ಕಂಡಿತು.

"ನೀನು ಇರ್ತೀನಿ ಅನ್ನು ಅಕ್ಕ" ಎಂದ, "ಗೋಡೆ ತುಂಬ ಬರ್ಕೊಡ್ತೀನಿ."