ಶುಕ್ರವಾರದವನ ಜೊತೆ ಮೆಲ್ಬರ್ನ್‌ಗೆ

ಬೆಳಗಿನ ಆರಕ್ಕೆ ಸಿಡ್ನಿಯ ಹೊರವಲಯದ ಬ್ಲ್ಯಾಕ್‌ಟೌನ್ ಸ್ಟೇಷನ್ನಿನಲ್ಲಿ ನಿಂತಾಗ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. 2016ರ ಸೆಪ್ಟೆಂಬರ್ ತಿಂಗಳು. ಅಲ್ಲಿ ಅದು ವಸಂತವಂತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಶುಭಾ ಡ್ಯೂಟಿಗೆ ಹೋಗುವ ಮೊದಲು ನನ್ನನ್ನು ಬಿಡಲು ಬಂದಿದ್ದಳು.

"ಪ್ಲೇನಲ್ಲಾದ್ರೆ ಒಂದೂವರೆ ಗಂಟೆ ಅಪ್ಪ. ಹನ್ನೊಂದು ಗಂಟೆ ಟ್ರೈನಲ್ಲಿ ಕೂತ್ಕೊಳ್ಳೋದು ಯಾಕೆ?"

"ಕೂತುಕೊಳ್ಳಲಿಕ್ಕೇ ಹೋಗುವುದು ಮಗಾ," ಎಂದೆ.

ಅದು ತಮಾಷೆಯಲ್ಲ. ಇಪ್ಪತ್ತಾರು ವರ್ಷ ನಾನು ರೈಲಿನ ಅಂಚೆ ಬೋಗಿಯಲ್ಲಿ ನಿಂತುಕೊಂಡು ಕಾಗದ ವಿಂಗಡಿಸಿದವನು. ಮಂಗಳೂರು ಬಿಟ್ಟರೆ ಮುಂದಿನ ಚೀಲ ಇಳಿಸುವ ಊರು ಬರುವವರೆಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಒಂದು ದೇಶವನ್ನು ನೋಡುತ್ತ ಹೋಗಬೇಕೆಂಬುದು ಹಳೆಯ ಆಸೆ. ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಮಗನ ಜೊತೆ ಇರುವ ಲಾರೆನ್ಸ್, ನನ್ನ ಜೊತೆ ಅದೇ ಬೋಗಿಯಲ್ಲಿ ದುಡಿದವನು, "ಬಾ ಮಾರಾಯ, ಎರಡು ದಿನ ಇದ್ದು ಹೋಗು" ಎಂದು ಕರೆಯುತ್ತಲೇ ಇದ್ದ. ತೊಂಬತ್ತು ಚಿಲ್ಲರೆ ಡಾಲರ್ ಕೊಟ್ಟು ಶುಭಾ ಟಿಕೆಟ್ ಬುಕ್ ಮಾಡಿದ್ದಳು.

ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಏಳೂಮುಕ್ಕಾಲರ ಹೊತ್ತಿಗೆ ಗಾಡಿ ಹೊರಟಿತು. ಹೊರಡುವ ಎರಡು ನಿಮಿಷ ಮೊದಲು ನಮ್ಮ ಬೋಗಿಗೆ ಒಬ್ಬ ಆಫ್ರಿಕದವನು ಹತ್ತಿದ. ನಲವತ್ತರ ಆಸುಪಾಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಕೂರುವ ಮೊದಲು ಸುತ್ತಲಿನ ಒಬ್ಬೊಬ್ಬರಿಗೂ ಮುಖ ನೋಡಿ "ಗುಡ್ ಮಾರ್ನಿಂಗ್" ಹೇಳಿದ. ಫೋನಿನಲ್ಲಿ ಮುಳುಗಿದ್ದವರು ಗಾಬರಿಯಿಂದ ತಲೆ ಎತ್ತಿದರು. ಕೊನೆಗೆ ನನ್ನ ಪಕ್ಕದಲ್ಲೇ ಕೂತ. ಅವನ ಜಾಕೆಟ್ಟಿನ ಮೇಲಿದ್ದ ಕೆಲಸದ ಬಿಲ್ಲೆಯಲ್ಲಿ 'ಕೆನ್' ಎಂದು ಬರೆದಿತ್ತು.

"ಮಿಸ್ಟರ್ ಕೆನ್, ಮೆಲ್ಬರ್ನ್‌ಗಾ?" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಬಿಲ್ಲೆಯನ್ನು ನೋಡಿಕೊಂಡು ನಕ್ಕ. "ಅದು ಗೋದಾಮಿನಲ್ಲಿ ಕರೆಯುವ ಹೆಸರು, ಪಾಪಾ. ನನ್ನ ಹೆಸರು ಕೋಫಿ."

ಊರು ಘಾನಾ ದೇಶದ ಕುಮಾಸಿಯ ಹತ್ತಿರ. ಸಿಡ್ನಿಗೆ ಬಂದು ಹನ್ನೆರಡು ವರ್ಷ. ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ನನ್ನಂಥ ಹಿರಿಯರನ್ನು ಅವರಲ್ಲಿ ಪಾಪಾ ಎನ್ನುತ್ತಾರಂತೆ.

ಗೌಲ್ಬರ್ನ್ ದಾಟಿದ ಮೇಲೆ ಬೆಟ್ಟಗಳೆಲ್ಲ ಬೋಳಾಗಿ, ಅವುಗಳ ಮೇಲೆ ಹತ್ತಿ ಚೆಲ್ಲಿದಂತೆ ಕುರಿಗಳು ಕಂಡವು. ಅರ್ಧ ಗಂಟೆ ಹೋದರೂ ಒಬ್ಬ ಮನುಷ್ಯನಿಲ್ಲ. ಕೋಫಿ ಹುರಿದ ಬಾಳೆಹಣ್ಣಿನ ತುಂಡುಗಳಿದ್ದ ಡಬ್ಬಿ ತೆರೆದ. ಶುಂಠಿ, ಮೆಣಸು ಹಾಕಿದ್ದು; ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನಾನು ಶುಭಾ ಕಟ್ಟಿಕೊಟ್ಟ ಪುಂಡಿ, ಚಟ್ನಿ ತೆಗೆದೆ. ಅಕ್ಕಿಯ ಉಂಡೆಯನ್ನು ಅವನು ಬಲಗೈಯಲ್ಲಿ ಮುರಿದು ಚಟ್ನಿಗೆ ಅದ್ದಿ ತಿಂದ ರೀತಿ ನೋಡಿ, ಇವನಿಗೆ ಚಮಚ ಕೇಳಬೇಕಾಗಿಲ್ಲ ಎಂದು ಸಮಾಧಾನವಾಯಿತು.

ಕೂಟಮಂಡ್ರ ಎಂಬ ಊರು ಹತ್ತಿರ ಬಂತು. ಗಾಡಿಯ ಎರಡೂ ಬದಿಗೆ ಆಕಾಶದ ಅಂಚಿನವರೆಗೆ ಹಳದಿ. ಎಣ್ಣೆಕಾಳಿನ ಹೊಲಗಳು ಹೂವಾಗಿ ನಿಂತಿದ್ದವು. ಬೋಗಿಯ ಒಳಗೂ ಆ ಬಣ್ಣ ಬಂದು ನಮ್ಮ ಅಂಗೈಗಳು ಅರಸಿನ ಹಚ್ಚಿದಂತೆ ಕಾಣುತ್ತಿದ್ದವು. ಅರವತ್ತಮೂರು ವರ್ಷ ಬದುಕಿದ್ದಕ್ಕೆ ಇದನ್ನು ನೋಡಲು ಸಿಕ್ಕಿತಲ್ಲ ಎನಿಸಿತು.

ಕೋಫಿ ಹೊಲದತ್ತ ಕೈ ತೋರಿಸಿ ಹೇಳಿದ: "ನಮ್ಮಲ್ಲಿ ಬೇರೆಯವರ ಊರಿಗೆ ಕಾಲಿಟ್ಟರೆ ಮೊದಲು ಅಲ್ಲಿಯವರಿಗೆ ವಂದಿಸಬೇಕು. ಇಲ್ಲಿ ಇಷ್ಟು ಚೆಂದದ ನೆಲ ಇದೆ, ವಂದಿಸೋಣ ಎಂದರೆ ಜನ ಕಾಣುವುದಿಲ್ಲ. ಪೇಟೆಯಲ್ಲಿ ಜನ ಇದ್ದಾರೆ. ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಹೇಳುವಷ್ಟರಲ್ಲಿ ಹೋಗಿರುತ್ತಾರೆ. ಮೊದಲ ವರ್ಷ ಅದಕ್ಕೇ ಅತ್ತಿದ್ದೆ."

ಮೆಲ್ಬರ್ನ್‌ಗೆ ಅವನು ಹೊರಟದ್ದು ತಮ್ಮನ ಮಗುವಿಗೆ ಹೆಸರಿಡಲು. ಹುಟ್ಟಿದ ಎಂಟನೆಯ ದಿನ ಮನೆಯ ಹಿರಿಯನು ಮಗುವನ್ನು ಎತ್ತಿಕೊಂಡು, ನಾಲಗೆಗೆ ಒಂದು ತೊಟ್ಟು ನೀರು, ಒಂದು ತೊಟ್ಟು ಹೆಂಡ ಮುಟ್ಟಿಸಿ, ನೀರನ್ನು ನೀರೆಂದೇ ಹೇಳು, ಹೆಂಡವನ್ನು ಹೆಂಡವೆಂದೇ ಹೇಳು ಎನ್ನಬೇಕಂತೆ. ಹುಟ್ಟಿದ ವಾರವೇ ಮಗುವಿನ ಮೊದಲ ಹೆಸರು. ಶನಿವಾರ ಹುಟ್ಟಿದ ಈ ಹೆಣ್ಣುಮಗು ಅಮಾ. ಗುರುವಾರ ಹುಟ್ಟಿದ ತಮ್ಮ ಯಾವ್. ಶುಕ್ರವಾರದವನು ಕೋಫಿ.

"ತಮ್ಮನಿಗೆ ಆ ಹೆಸರು ಬೇಡವಂತೆ. ಗ್ರೇಸ್ ಒಂದೇ ಸಾಕು, ಅಮಾ ಎಂದಿದ್ದರೆ ನಾಳೆ ಯಾರು ಕೆಲಸ ಕೊಡುತ್ತಾರೆ ಎನ್ನುತ್ತಾನೆ. ನಾನೇನು ಹೇಳಲಿ? ಕೋಫಿ ಎಂದು ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಕೆನ್‌ಗೆ ಬಂತು." ನನ್ನತ್ತ ತಿರುಗಿ ಕೇಳಿದ, "ನೀವು ಯಾವ ವಾರ ಹುಟ್ಟಿದ್ದು, ಪಾಪಾ?"

"ಗೊತ್ತಿಲ್ಲ," ಎಂದೆ.

ಅದು ಸುಳ್ಳು. ಹೇಳಿದ ಮೇಲೆ ನಾನು ಹಳದಿ ಹೊಲವನ್ನು ಸರಿಯಾಗಿ ನೋಡಲಿಲ್ಲ. ವಾಗ ವಾಗ ಎಂಬ ಊರು ಬಂತು, ಹೋಯಿತು. ಊಟದ ಬೋಗಿಗೆ ಹೋಗಿ ಎರಡು ಚಹಾ ತಂದೆ. ಆಲ್ಬರಿಯಲ್ಲಿ ಗಾಡಿ ಹತ್ತು ನಿಮಿಷ ನಿಂತು, ಆಮೇಲೆ ಮರ್ರೆ ನದಿಯನ್ನು ದಾಟತೊಡಗಿತು. ಮಣ್ಣು ಬಣ್ಣದ ನೀರು, ನೀರಿನೊಳಗೇ ನಿಂತ ಬೃಹತ್ ಮರಗಳು. ಆ ಸೇತುವೆಯ ಮೇಲೆ ನಾನು ಹೇಳಿದೆ.

"ಶುಕ್ರವಾರ. ಅಪ್ಪ ಇಟ್ಟ ಹೆಸರು ತುಕ್ರ. ಶುಕ್ರ ಎಂಬುದು ನಮ್ಮ ಕೇರಿಯ ಬಾಯಲ್ಲಿ ಹಾಗಾಗುತ್ತದೆ. ನಿನ್ನದೇ ಹೆಸರು."

ಕೋಫಿ ಎದ್ದು ನಿಂತ. ನನ್ನ ಕೈ ಹಿಡಿದು ಕುಲುಕಿ, ಬಿಡುವಾಗ ತನ್ನ ಬೆರಳನ್ನು ನನ್ನ ಬೆರಳಿಗೆ ಸಿಕ್ಕಿಸಿ ಚಿಟಿಕೆ ಹೊಡೆದ. "ಇವತ್ತೂ ಶುಕ್ರವಾರ!" ಎಂದು ಕೂಗಿದ. ಎದುರಿನ ಮುದುಕಿ ಏನೆಂದು ತಿಳಿಯದೆ ನಕ್ಕಳು.

ಉಳಿದದ್ದನ್ನೂ ಹೇಳಬೇಕಾಯಿತು. ನಮ್ಮಲ್ಲಿ ಐತ, ಅಂಗಾರ, ಗುರುವ, ತುಕ್ರ, ತನಿಯ ಎಂಬ ವಾರದ ಹೆಸರುಗಳು ಯಾರಿಗೆ ಇರುತ್ತಿದ್ದವೆಂದರೆ, ದೇವರ ಹೆಸರು ಇಟ್ಟುಕೊಂಡರೆ ಧಣಿಗಳು ಸಿಟ್ಟಾಗುತ್ತಿದ್ದ ಜಾತಿಯವರಿಗೆ. ಹೆಸರು ಹೇಳಿದರೆ ಸಾಕು, ಅಂಗಳದ ಯಾವ ಮೂಲೆಯಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದರು. ಹೈಸ್ಕೂಲಿಗೆ ಸೇರುವಾಗ ಹೆಡ್‌ಮಾಸ್ಟರು "ಬೇರೆ ಒಳ್ಳೆಯ ಹೆಸರು ಉಂಟಾ?" ಎಂದು ಕೇಳಿದರು. ಸುಧಾಕರ ಎಂದು ನಾನೇ ಬರೆಸಿದೆ. ಆಮೇಲೆ ಯಾರಿಗೂ ಹೇಳಲಿಲ್ಲ. ಲಾರೆನ್ಸನಿಗೂ ಗೊತ್ತಿಲ್ಲ.

ಕೋಫಿ ನಡುವೆ ಬಾಯಿ ಹಾಕದೆ ಕೇಳಿದ. "ನಮ್ಮಲ್ಲಿ ಅರಸರಿಗೂ ಇದೇ ಹೆಸರು," ಎಂದ. "ಕಳ್ಳರಿಗೂ ಇದೇ. ವಾರ ಎಲ್ಲರಿಗೂ ಬರುತ್ತದಲ್ಲ?"

ಅರಸರಿಗೂ ಇದೇ ಹೆಸರು! ವಾಂಗರಟ್ಟ, ಬೆನಲ್ಲ, ಸೀಮೋರ್ ಹೀಗೆ ಸ್ಟೇಷನ್ನುಗಳು ಒಂದೊಂದಾಗಿ ಕಳೆದವು. ನಾನು ಆ ಮಾತನ್ನೇ ಯೋಚಿಸುತ್ತಿದ್ದೆ. ಸಮುದ್ರದ ಆಚೆ ಒಂದು ದೇಶ, ಅಲ್ಲಿ ತುಕ್ರ ಎಂಬವನು ಸಿಂಹಾಸನದಲ್ಲಿ ಕೂತಿದ್ದಾನೆ, ಜನ ತಲೆಬಾಗುತ್ತಿದ್ದಾರೆ. ಇಷ್ಟು ವರ್ಷ ಲಕ್ಷಗಟ್ಟಲೆ ಹೆಸರು ಓದಿ ಗೂಡಿಗೆ ಎಸೆದವನಿಗೆ ಇಂಥದೊಂದು ಲೋಕ ಇದೆಯೆಂದು ಗೊತ್ತಿರಲಿಲ್ಲ.

ಕ್ರೇಗಿಬರ್ನ್‌ಗೆ ಹೋಗುವವರು ಬ್ರಾಡ್‌ಮೆಡೋಸ್‌ನಲ್ಲಿ ಇಳಿಯಬೇಕು. ಕೋಫಿ ನನ್ನ ಚೀಲ ಇಳಿಸಿಕೊಟ್ಟು, ಫೋನ್ ನಂಬರ್ ಬರೆದುಕೊಂಡು ಮತ್ತೆ ಹತ್ತಿದ. ಬಾಗಿಲು ಮುಚ್ಚುವಾಗ ಅವನ ಜಾಕೆಟ್ಟಿನ ಮೇಲೆ ಬಿಲ್ಲೆ ಹಾಗೆಯೇ ಇತ್ತು.

ಲಾರೆನ್ಸನ ಮನೆಯಲ್ಲಿ ಎರಡು ದಿನ ಸಣ್ಣಗೆ ಮಳೆ, ಒಳಗೆ ಇಡ್ಲಿಯಂಥ ಸಣ್ಣಾಸ್, ಕೋಳಿ, ಹಳೆಯ ರೈಲಿನ ಮಾತು. ಹೆಸರಿನ ವಿಷಯ ನಾಲಗೆಯ ತುದಿಗೆ ಬಂದರೂ ಅವನಿಗೆ ಹೇಳಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಕೋಫಿಯ ಫೋನ್ ಬಂತು. ಹಿಂದೆ ಹಾಡು, ಗದ್ದಲ. "ಅರ್ಧ ಗೆದ್ದೆ, ಪಾಪಾ! ಕಾಗದದಲ್ಲಿ ಗ್ರೇಸ್ ಮೊದಲು, ಅಮಾ ಆಮೇಲೆ. ಮನೆಯಲ್ಲಿ ಅಮಾ. ತಮ್ಮನಿಗೆ ನಿಮ್ಮ ಕಥೆ ಹೇಳಿದೆ. ಅವನು ಮಗುವನ್ನು ನನ್ನ ಕೈಗೆ ಕೊಟ್ಟ."

ಸೋಮವಾರ ವಿಮಾನದಲ್ಲಿ ಸಿಡ್ನಿಗೆ ಮರಳಿದೆ. ಮೋಡದ ಮೇಲೆ ಒಂದೂವರೆ ಗಂಟೆ, ಏನೂ ಕಾಣಲಿಲ್ಲ. ಸಂಜೆ ಶುಭಾ ಅಡುಗೆಮನೆಯಲ್ಲಿ ಮೀನು ಕಾಯಿಸುತ್ತಿದ್ದಳು. ಪ್ರಯಾಣ ಹೇಗಿತ್ತು ಎಂದು ಕೇಳಿದಳು. ಹಳದಿ ಹೊಲದಿಂದ ಶುರುಮಾಡಿ, ಮರ್ರೆ ನದಿಯ ಸೇತುವೆಯ ಮೇಲೆ ಹೇಳಿದ ಹೆಸರಿನವರೆಗೆ ಎಲ್ಲವನ್ನೂ ಹೇಳಿದೆ.

ಅವಳು ಒಲೆ ಆರಿಸಿದಳು.

"ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಮೂರು ದಿನ ತುಕ್ರಾ, ತುಕ್ರಾ ಅಂತ ಕರೀತಾ ಇದ್ರು. ತುಕ್ರ ಯಾರು ಅಂತ ಅಲ್ಲಿಯ ನರ್ಸ್ ಕೇಳಿದ್ದಕ್ಕೆ ನೀವು, ಯಾರೋ ನೆರೆಕರೆಯವನು ಅಂದ್ರಿ. ನಾನಾಗ ಎಂಟನೇ ಕ್ಲಾಸು. ಅಜ್ಜಿ ತೀರಿಹೋದ ದಿನ ಬಂದವರಲ್ಲೆಲ್ಲ ಕೇಳಿದೆ ಅಪ್ಪ, ತುಕ್ರ ಯಾರು ಅಂತ. ಅಜ್ಜಿ ನೋಡ್ಬೇಕು ಅಂತಿದ್ರು ಅಂತ ಅವರಿಗೆ ಹೇಳ್ಬೇಕಿತ್ತು. ಯಾರೂ ಬಾಯಿ ಬಿಡಲಿಲ್ಲ."

ನಾನು ಕುರ್ಚಿ ಎಳೆದು ಕೂತೆ. ಅವಳು ಕೈ ತೊಳೆದು, ಒರೆಸಿಕೊಂಡು, ನನ್ನ ಎದುರು ಬಂದು ಕೂತಳು. "ಅವರು ನಿಮ್ಮನ್ನ ತುಂಬಾ ಕರೆದ್ರು," ಎಂದಳು.