ಒಬ್ಬಳೇ ಮಲಗುವ ಕೂಸಿಗೆ ಕೌದಿ

ಮಾದನಹಿಪ್ಪರಗಾದ ನಮ್ಮ ಓಣಿಯಲ್ಲಿ ಗುರಮ್ಮ ಹೊಲಿದ ಕೌದಿ ಇಲ್ಲದ ಮನೆಯಿಲ್ಲ. ಹಳೆಯ ಸೀರೆಗಳನ್ನು ಕೊಟ್ಟರೆ ಪದರ ಹಾಕಿ, ಮೇಲೆ ತುಂಡು ಜೋಡಿಸಿ, ಸಾಲು ತಪ್ಪದಂತೆ ಹೊಲಿದು ಕೊಡುತ್ತಾಳೆ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತಂಗಿ ಬಸವೇಶ್ವರಿ ಹೆರಿಗೆಯಾದ ತಿಂಗಳೊಳಗೆ ಲಿಂಗೈಕ್ಯಳಾದಾಗ, ಅವಳ ಕೂಸನ್ನು ಗುರಮ್ಮ ಉಡಿಯಲ್ಲಿ ಹಾಕಿಕೊಂಡು ಮನೆಗೆ ತಂದಳು. ಆ ಕೂಸೇ ಸೃಷ್ಟಿ. ದೊಡ್ಡವ್ವ, ದೊಡ್ಡವ್ವ ಎನ್ನುತ್ತ ಅವಳ ಸೆರಗು ಹಿಡಿದೇ ಬೆಳೆಯಿತು. ತಂದೆ ಅಮರನಾಥನಿಗೆ ಜೇವರ್ಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಹಬ್ಬಕ್ಕೊಮ್ಮೆ ಬಂದು ಮಗಳ ಮುಖ ನೋಡಿ ಹೋಗುತ್ತಿದ್ದ.

ಅವನಿಗೆ ಇನ್ನೊಂದು ಮದುವೆ ಮಾಡಿಕೊ ಎಂದವಳು ಗುರಮ್ಮನೇ. ಹೆಣ್ಣು ನೋಡಲು ಅತನೂರಿಗೂ ಹೋಗಿದ್ದಳು. ಪ್ರಮಿಲಾಳನ್ನು ಕಂಡು, "ಶಾಂತ ಅದಾಳ, ಕೂಸಿನ ಮ್ಯಾಲ ಕೈ ಎತ್ತೂದಿಲ್ಲ" ಎಂದು ಒಪ್ಪಿದಳು. ಒಪ್ಪುವಾಗ ತನ್ನ ಮಗ್ಗುಲು ಖಾಲಿಯಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮದುವೆಯಾಗಿ, ಸೃಷ್ಟಿಯನ್ನು ಒಂದನೇ ತರಗತಿಗೆ ಹಾಕುವ ಹೊತ್ತಿಗೆ, ಮಗಳನ್ನು ಕರೆದೊಯ್ಯುವ ಮಾತಾಡಲು ಅಮರನಾಥ ಬಂದ.

"ಅಕ್ಕಾರ, ಹೊಸಾ ಮನ್ಯಾಗ ಆಕಿಗಿ ಅಂತ ಒಂದು ಖೋಲಿ ಮಾಡ್ಸೀನಿ. ಖರೇ ಆಕಿಗಿ ಏನ್ ಸೇರ್ತದ ಅನ್ನೂದು ನಮಗ ಗೊತ್ತಿಲ್ಲ. ನೀವೇ ಬಂದು ಸಜ್ಜು ಮಾಡಿಕೊಡ್ರಿ."

"ಮಾಡ್ತೇನಿ. ಆಕಿ ಅಳಲಾರ್ದಂಗ ಮಲಗಬೇಕು, ಅಷ್ಟೇ" ಎಂದಳು ಗುರಮ್ಮ. ಬೆಳಗಿನ ಲಿಂಗಪೂಜೆಯಲ್ಲೂ ಅವಳು ಆಗ ಬೇಡುತ್ತಿದ್ದುದು ಇದೊಂದನ್ನೇ.

ಅವಳು ಜೇವರ್ಗಿಗೆ ಹೋದಾಗ ಆ ಖೋಲಿಯಲ್ಲಿ ಪೇಂಟರ್ ಭೀಮಶಾ ಬಣ್ಣದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದ.

"ಯವ್ವಾ, ಈ ಗ್ವಾಡಿಗಿ ಆನಿ ತಗೀಲೋ, ಹುಲಿ ತಗೀಲೋ? ಮೊನ್ನೆ ಒಬ್ಬರ ಮನ್ಯಾಗ ಹುಲಿ ತಗದೆ. ಎಷ್ಟ್ ಚಂದ ಬಂತಂದ್ರ, ಕೂಸು ಖೋಲಿ ಒಳಗೇ ಹೋಗವಲ್ದಂತ!"

"ಸುಡ್ಲಿ ನಿನ್ನ ಹುಲಿ. ಆಕಿಗಿ ಆಡಿನ ಮರಿ ಅಂದ್ರ ಜೀವ. ಕರೀ ಮರಿ ತಗಿ."

"ಆಡಿಗ್ಯಾರು ಬಣ್ಣಾ ಖರ್ಚ್ ಮಾಡ್ತಾರ ಯವ್ವಾ?"

"ಕಿವಿ ಉದ್ದ ಇರ್ಲಿ. ನಾಯಿ ಮಾಡಿಗೀಡೀಯಪ್ಪ ಮತ್ತ."

ಬಾಗಿಲಲ್ಲಿ ನಿಂತಿದ್ದ ಪ್ರಮಿಲಾ ಸೆರಗು ಬಾಯಿಗಿಟ್ಟು ನಕ್ಕಳು.

ಉಳಿದ ಗೋಡೆಗಳಿಗೆ ಗುರಮ್ಮ ತನ್ನ ಮನೆಯಲ್ಲಿರುವಂಥ ತಿಳಿ ಹಸಿರನ್ನೇ ಹೊಡೆಸಿದಳು. ಒಡೆದ ಬಳೆಗಳ ಸರ ಮಾಡಿ ಕಿಟಕಿಗೆ ಕಟ್ಟಿದಳು. ಮಲಗುವ ಮೊದಲು ಕೂಸಿನ ಹಣೆಗೆ ಹಚ್ಚಲೆಂದು ವಿಭೂತಿ ಗಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಮರನಾಥ ಆಸೆಪಟ್ಟು ತಂದಿದ್ದ ಮಂಚವನ್ನು "ಬೀಳ್ತಾಳ" ಎಂದು ಹೊರಗೆ ಹಾಕಿಸಿ, ಗೋಡೆಗೆ ಒತ್ತಿ ನೆಲದ ಮೇಲೆ ಗಾದಿ ಹಾಸಿದಳು. ಕೊನೆಗೆ ಚೀಲದಿಂದ ಕೌದಿ ತೆಗೆದು ಹರಡಿದಳು. ನಡುವೆ ಬಸವೇಶ್ವರಿಯ ಮದುವೆಯ ಸೀರೆ. ಗೋಡೆಯ ಬದಿಗೆ ಸೃಷ್ಟಿಯ ಹಳೆಯ ಲಂಗಗಳು. ಹೊರಬದಿಗೆ ಗುರಮ್ಮನದೇ ಒಂದು ನೀಲಿ ಸೀರೆ.

"ಎಷ್ಟು ದೊಡ್ಡದದರಿ ಅಕ್ಕಾರ!" ಎಂದಳು ಪ್ರಮಿಲಾ.

"ಕೌದಿ ಇಷ್ಟೇ ಇರ್ತದವ್ವಾ."

ಸೃಷ್ಟಿಯನ್ನು ಕಳಿಸಿಕೊಟ್ಟ ಮೇಲೆ ಗುರಮ್ಮ ಫೋನು ಪಕ್ಕದಲ್ಲಿಟ್ಟುಕೊಂಡೇ ಹೊಲಿಯುತ್ತಿದ್ದಳು. ಒಂದು ಮುಂಜಾನೆ ಪ್ರಮಿಲಾಳ ಫೋನು ಬಂತು. ದನಿ ಒಡೆದಿತ್ತು.

"ಅಕ್ಕಾರ, ಆಕಿ ಅಳೂದಿಲ್ರಿ. ಮಲಗೂದೂ ಇಲ್ಲ. ಗ್ವಾಡಿಗಿ ಸರದು ಅರ್ಧಾ ಕೌದಿ ಹೊತ್ಕೋತಾಳ, ಇನ್ನರ್ಧಾ ಎತ್ತಿ ಹಿಡ್ಕೊಂಡು ಕುಂದರ್ತಾಳ. ನಾ ಬಾಜೂಕ ಹ್ವಾದ್ರ, ಇದು ದೊಡ್ಡವ್ವನ ಜಾಗಾ ಅಂತಾಳ. ದೊಡ್ಡವ್ವ ತನ್ನ ಕೌದಿ ಮೊದಲೇ ತಂದಿಟ್ಟಾಳ, ಹಿಂದಿಂದ ಬರ್ತಾಳ ಅಂತಾಳ."

ಗುರಮ್ಮನಿಗೆ ತನ್ನ ಕೈ ಮಾಡಿದ ತಪ್ಪು ಆಗ ತಿಳಿಯಿತು. ನಮ್ಮ ಮನೆಗಳಲ್ಲಿ ಕೂಸು ಗೋಡೆಯ ಕಡೆ ಮಲಗುತ್ತದೆ, ಹೊರಬದಿಗೆ ತಾಯಿಯೋ ಅಜ್ಜಿಯೋ ಇರುತ್ತಾರೆ. ಕೌದಿಯ ಅಗಲ ಆ ಇಬ್ಬರ ಅಗಲ. ಒಬ್ಬಳೇ ಮಲಗುವ ಕೂಸಿಗೆಂದು ಅವಳು ಜನ್ಮದಲ್ಲಿ ಒಂದು ಕೌದಿಯನ್ನೂ ಹೊಲಿದಿರಲಿಲ್ಲ. ಖೋಲಿಯನ್ನು ತನ್ನ ಮನೆಯಂತೆಯೇ ಮಾಡಿ, ತನ್ನ ಜಾಗವನ್ನೂ ಹಾಸಿಟ್ಟು ಬಂದಿದ್ದಳು.

ಮರುದಿನ ಮತ್ತೆ ಜೇವರ್ಗಿಗೆ ಹೋದಳು. ಸೃಷ್ಟಿ ಶಾಲೆಯಲ್ಲಿದ್ದಳು. ಗುರಮ್ಮ ಕತ್ತರಿ ತೆಗೆದದ್ದನ್ನು ಕಂಡು ಪ್ರಮಿಲಾ ಗಾಬರಿಯಾದಳು.

"ಕತ್ತರಿಸಿ ಸಣ್ಣದು ಮಾಡ್ತೀರೇನ್ರಿ?"

"ಸಣ್ಣದ್ಯಾಕ? ಈ ಬಾಜೂ ನೀ ಮಲಗು."

"ನನ್ನ ಸೇರ್ಸೂದಿಲ್ರಿ ಆಕಿ."

ಗುರಮ್ಮ ತನ್ನ ನೀಲಿ ಸೀರೆಯ ಮೇಲೆ ಕೈಯಿಟ್ಟಳು. "ನಾ ಇಲ್ಲಿ ಮಲಗೀನಲ್ಲ, ನಿನ್ನ ಹ್ಯಾಂಗ ಸೇರ್ಸ್ತಾಳ? ಹೋಗು, ನಿಂದೊಂದು ಸೀರಿ ತಗೊಂಡು ಬಾ. ಹೊಸಾದು ಬ್ಯಾಡ. ಉಟ್ಟು ಬಿಟ್ಟದ್ದು, ಒಗೀಲಾರದ್ದು ತಾ."

"ಅಯ್ಯ, ಒಗ್ಗರಣಿ ವಾಸನಿ ಹೊಡೀತದ್ರಿ!"

"ಅದೇ ಬೇಕು."

ತಾನೇ ಹಾಕಿದ ಹೊಲಿಗೆಯನ್ನು ಗುರಮ್ಮ ಒಂದೊಂದಾಗಿ ಬಿಚ್ಚಿದಳು. ನೀಲಿ ಸೀರೆ ಕಳಚಿದ ಕಡೆ ಪ್ರಮಿಲಾಳ ಸೀರೆ ಹಾಸಿ, ಇಬ್ಬರೂ ಎದುರುಬದುರು ಕುಳಿತು ಹೊಲಿದರು.

"ಇದೇನ್ ಬೇ, ಒಂಟಿ ನಡದಂಗ ಸೊಟ್ಟಸೊಟ್ಟ ಹೊಲದೀದಿ?"

"ಬಿಚ್ಚಲೇನ್ರಿ?"

"ಬ್ಯಾಡ. ನಿನ್ನ ಕೈ ಹ್ಯಾಂಗದ ಹಂಗೇ ಇರ್ಲಿ."

ಹೊಲಿಗೆ ಮುಗಿಯುವ ಹೊತ್ತಿಗೆ ಅಮರನಾಥ ಊಟಕ್ಕೆ ಬಂದ. "ಇನ್ನೇನು ಶಾಲಿ ಬಿಡ್ತದ ಅಕ್ಕಾರ. ಮಾರಿ ನೋಡಿ ಹೋಗ್ರಿ" ಎಂದ. ಗುರಮ್ಮ ಆಗಲೇ ಚೀಲ ಕೈಗೆತ್ತಿಕೊಂಡಿದ್ದಳು.

"ನೋಡಿದ್ರ ಈಗ ಮಾಡಿದ್ದೆಲ್ಲಾ ಹಾಳಾಗ್ತದ. ಕೇಳಿದ್ರ ಹೇಳ್ರಿ, ದೊಡ್ಡವ್ವ ಬಂದಿದ್ದಳು, ತನ್ನ ಸೀರಿ ತಾನೇ ಬಿಚ್ಕೊಂಡು ಹ್ವಾದಳು ಅಂತ."

"ನಿಮ್ಮ ಮ್ಯಾಲ ಸಿಟ್ಟಾಗ್ತಾಳ್ರಿ," ಎಂದಳು ಪ್ರಮಿಲಾ. ಅವಳ ಕಣ್ಣು ತುಂಬಿತ್ತು.

"ಆಗ್ಲಿ. ನಿನ್ನ ಮ್ಯಾಲ ಆಗೂದಕಿಂತ ನನ್ನ ಮ್ಯಾಲ ಆಗ್ಲಿ."

ಸಿಟ್ಟೇನೋ ಆಯಿತು. ಬಹಳ ದಿನ ಸೃಷ್ಟಿ ಫೋನಿಗೇ ಬರಲಿಲ್ಲ. ಕರೆದರೆ ದೂರದಿಂದ, "ನಾ ಮಾತಾಡೂದಿಲ್ಲ, ಹೇಳು ಆಕಿಗಿ" ಎಂಬ ದನಿಯಷ್ಟೇ ಕೇಳುತ್ತಿತ್ತು. ಪ್ರಮಿಲಾ ಮಾತ್ರ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: ಈಗ ಮಲಗಾಕತ್ತಾಳ, ನನ್ನ ಮೈಮ್ಯಾಲ ಕಾಲು ಹಾಕಾಕತ್ತಾಳ. ಗುರಮ್ಮ "ಚಲೋ ಆತು ಬಿಡು" ಎಂದು ಫೋನು ಇಟ್ಟು, ಸ್ವಲ್ಪ ಹೊತ್ತು ಸೂಜಿ ಮುಟ್ಟದೆ ಕೂತಿರುತ್ತಿದ್ದಳು. ಅದೇ ಓಣಿಯವಳಾದ ನಾನೇ ಎಷ್ಟೋ ಸಲ ಎದುರಿಗಿದ್ದು ನೋಡಿದ್ದೇನೆ.

ದೀಪಾವಳಿ ಸೂಟಿಗೆ ಅಮರನಾಥ ಮಗಳನ್ನು ತಂದು ಬಿಟ್ಟು, ಕೆಲಸವಿದೆಯೆಂದು ಆಳಂದಕ್ಕೆ ಹೋದ. ಸೃಷ್ಟಿ ಸಿಟ್ಟು ಮರೆತಿದ್ದಳು. ದಿನವೆಲ್ಲ ಓಣಿಯಲ್ಲಿ ಆಡಿ, ಗುರಮ್ಮನ ತಾಟಿನಲ್ಲೇ ಕೈ ಹಾಕಿ ಉಂಡಳು. ಹೊತ್ತು ಮುಳುಗುವಾಗ ಗುರಮ್ಮ ಗೋಡೆಗೆ ಒತ್ತಿ ಹಾಸಿಗೆ ಹಾಸತೊಡಗಿದಳು. ಕೂಸು ನಿಂತು ನೋಡಿತು.

"ದೊಡ್ಡವ್ವ, ಪಪ್ಪಾಗ ಫೋನ್ ಮಾಡು. ನಾ ಹೋಗ್ತೇನಿ."

"ಯಾಕವ್ವಾ? ನಾಕು ದಿನ ಇರ್ತೀ ಅಲ್ಲ?"

"ನನ್ನ ಖೋಲ್ಯಾಗ ಮಲಗ್ತೇನಿ. ಅಲ್ಲಿ ಅವ್ವನ ಬಾಜೂ ಯಾರೂ ಇಲ್ಲ."

ಹೇಳುತ್ತಲೇ ಅಳು ಬಂತು. ಗುರಮ್ಮ ಕೂಡಲೇ ಫೋನು ಹಚ್ಚಿದಳು. ಅಮರನಾಥ ಜೀಪು ಮಾಡಿಕೊಂಡು ಬರುವಷ್ಟರಲ್ಲಿ ಕೂಸಿನ ಮುಖ ತೊಳೆದು, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿದಳು. ಜೀಪಿನೊಳಗೆ ಕೂರಿಸಿ ಕೈ ಬಿಟ್ಟಾಗ ಸೃಷ್ಟಿ ದೊಡ್ಡವರ ಹಾಗೆ ಬಗ್ಗಿ ಹೇಳಿದಳಂತೆ, "ದೊಡ್ಡವ್ವ, ಬಾಗಿಲಾ ಗಟ್ಟಿ ಹಾಕ್ಕೊಂಡು ಮಲಗು."

"ಹೇಳಿದಂಗ ಹಾಕ್ಕೊಂಡೆ ತಂಗಿ" ಎಂದಳು ಮರುದಿನ ನನಗೆ ಗುರಮ್ಮ.